ಪೋಲ್ಕ್ ಪಿಎಸ್‌ಡಬ್ಲ್ಯು10: 40 ಹರ್ಟ್ಸ್‌ವರೆಗೆ ನಂಬಬಹುದಾದ ಅಗ್ಗದ ಸಬ್‌ವೂಫರ್

ಹೋಂ ಥಿಯೇಟರ್‌ಗೆ ಮೊದಲ ಸಬ್‌ವೂಫರ್ (ಬೇಸ್, ಅಂದರೆ ಅತಿ ಕೆಳಗಿನ ಸ್ವರಗಳನ್ನು ಮಾತ್ರ ನುಡಿಸುವ ಸ್ಪೀಕರ್; ಚಿಕ್ಕದಾಗಿ ಸಬ್) ಹುಡುಕುವವರಿಗೆ ಪೋಲ್ಕ್ ಆಡಿಯೊದ ಪಿಎಸ್‌ಡಬ್ಲ್ಯು10 ಹೆಸರು ಎದುರಾಗದೇ ಇರುವುದು ಅಪರೂಪ. ಅಲುಗಿ ಶಬ್ದ ಹುಟ್ಟಿಸುವ 10 ಇಂಚಿನ ಒಂದು ಡ್ರೈವರ್, ಗಾಳಿ ಆಡಲು ಪೋರ್ಟ್ ಬಿಟ್ಟಿರುವ ಪೆಟ್ಟಿಗೆ, ಅದರೊಳಗೇ ಆಂಪ್ಲಿಫೈಯರ್. ಕಂಪನಿ ಕೊಡುವ ಲೆಕ್ಕ ಹೀಗಿದೆ: ನಿರಂತರ ಶಕ್ತಿ 50 ವಾಟ್, ಪೀಕ್ 100 ವಾಟ್. ಒಟ್ಟು ವ್ಯಾಪ್ತಿ 35ರಿಂದ 200 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ; ಕಡಿಮೆಯಾದಷ್ಟೂ ಸ್ವರ ಕೆಳಗೆ), ಆದರೆ ಶಬ್ದದ ಮಟ್ಟ 3 ಡಿಬಿಗಿಂತ (ಡೆಸಿಬೆಲ್) ಹೆಚ್ಚು ಕುಸಿಯದೆ ನಿಲ್ಲುವುದು 40ರಿಂದ 160 ಹರ್ಟ್ಸ್‌ವರೆಗೆ. ಎರಡೆರಡು ಅಂಕಿಗಳಿದ್ದಾಗ ಕಣ್ಣು ದೊಡ್ಡದರ ಮೇಲೆ ಬೀಳುತ್ತದೆ. ಕೊಳ್ಳುವವರು ನೋಡಬೇಕಾದದ್ದು 50 ವಾಟ್ ಮತ್ತು 40 ಹರ್ಟ್ಸ್.

ಮಧ್ಯಮ ಗಾತ್ರದ, ಬಾಗಿಲು ಮುಚ್ಚಬಹುದಾದ ಕೋಣೆಯಲ್ಲಿ, ಪುಸ್ತಕದ ಕಪಾಟಿನಲ್ಲಿ ಕೂರುವಂಥ ಚಿಕ್ಕ ಸ್ಪೀಕರ್‌ಗಳ ಜೊತೆ 40ರಿಂದ 80 ಹರ್ಟ್ಸ್‌ವರೆಗಿನ ಕೆಲಸವನ್ನು ಮಾತ್ರ ಕೊಟ್ಟರೆ ಇದು ಒಳ್ಳೆಯ ಸಬ್. ಅದಕ್ಕಿಂತ ಕೆಳಗಿನದನ್ನು ಇದರಿಂದ ಹೊರಡಿಸಲು ಹೋದರೆ ಕೆಟ್ಟ ಸಬ್. ಈ ದರ್ಜೆಯ ಪೆಟ್ಟಿಗೆಗಳ ಮೇಲೆ ಬರುವ ದೂರುಗಳಲ್ಲಿ ಬಹುಪಾಲು, ಗುಂಯ್‌ಗುಡುತ್ತದೆ, ಬೇಸ್ ಸಾಲದು, ಮಾತಿನ ಜೊತೆ ದಬದಬ ಬರುತ್ತದೆ ಎಂಬವು, ಪೆಟ್ಟಿಗೆಯದಕ್ಕಿಂತ ಹೆಚ್ಚಾಗಿ ಕೋಣೆಯ ಮತ್ತು ರಿಸೀವರ್ (ಶಬ್ದವನ್ನು ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್) ಸೆಟ್ಟಿಂಗ್‌ನ ದೂರುಗಳು. ಹಾಗಾಗಿ ಕೆಳಗೆ ಬರುವ ಪರೀಕ್ಷೆಯ ಕ್ರಮ ಇದೇ ದರ್ಜೆಯ ಬೇರೆ ಯಾವ ಸಬ್‌ಗಾದರೂ ಒಪ್ಪುತ್ತದೆ.

40 ಹರ್ಟ್ಸ್ ಎಂದರೆ ಎಷ್ಟು ಕೆಳಗೆ?

ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ಕೆಳಗಿನ ಸ್ವರ 41 ಹರ್ಟ್ಸ್. ಐದು ತಂತಿಯದ್ದಾದರೆ 31. ಪಿಯಾನೊದ ಎಡತುದಿಯ ಕೀಲಿ 27.5. ಅಂದರೆ ಸಂಗೀತದ ಮಟ್ಟಿಗೆ 40ರವರೆಗೆ ಇಳಿಯುವ ಸಬ್ ಬಹುತೇಕ ಎಲ್ಲವನ್ನೂ ಹಿಡಿಯುತ್ತದೆ. ಸಿನಿಮಾದ ಲೆಕ್ಕ ಬೇರೆ. ಐದು ಮುಖ್ಯ ಚಾನೆಲ್, ಒಂದು ಬೇಸ್ ಚಾನೆಲ್ ಇರುವ 5.1 ವ್ಯವಸ್ಥೆಯಲ್ಲಿ ಆ .1 ಎಂಬ ಎಲ್‌ಎಫ್‌ಇ ಚಾನೆಲ್ 120 ಹರ್ಟ್ಸ್‌ನಿಂದ ಕೆಳಗಿನದಕ್ಕೆ ಮೀಸಲು. ಸ್ಫೋಟ, ಭೂಕಂಪ, ವಿಮಾನದ ಎಂಜಿನ್‌ಗಳ ದೃಶ್ಯಗಳಲ್ಲಿ 20–30 ಹರ್ಟ್ಸ್‌ನಲ್ಲೂ ಅದರಲ್ಲಿ ಸರಕು ತುಂಬಿರುತ್ತದೆ. ಮೇಲಾಗಿ ಈ ಚಾನೆಲ್ಲನ್ನು ಉಳಿದ ಚಾನೆಲ್‌ಗಳಿಗಿಂತ 10 ಡಿಬಿ ಎತ್ತರದಲ್ಲಿ ನುಡಿಸಬೇಕು ಎಂಬುದು ನಿಯಮ. ಚಿತ್ರಮಂದಿರದ ವಾಲ್ಯೂಮಿಗೆ ಸಮನಾದ ರೆಫರೆನ್ಸ್ ಮಟ್ಟದಲ್ಲಿ ಮುಖ್ಯ ಚಾನೆಲ್‌ನ ಶಿಖರ 105 ಡಿಬಿ, ಎಲ್‌ಎಫ್‌ಇಯದು 115 ಡಿಬಿ. 50 ವಾಟ್‌ನ ಸಬ್‌ಗೆ ಅದು ಸಾಧ್ಯವಿಲ್ಲ. ರಿಸೀವರ್‌ನ ವಾಲ್ಯೂಮ್ ರೆಫರೆನ್ಸ್‌ಗಿಂತ 15ರಿಂದ 20 ಡಿಬಿ ಕೆಳಗಿಟ್ಟು ನೋಡುವ ಮನೆಗೆ ಮಾತ್ರ ಇದು ಹೊಂದುತ್ತದೆ. ಹೆಚ್ಚಿನವರು ನೋಡುವುದೂ ಅಷ್ಟರಲ್ಲೇ.

ಪೋರ್ಟ್ ಇರುವ ಪೆಟ್ಟಿಗೆಯ ಸ್ವಭಾವವನ್ನು ಇಲ್ಲಿ ತಿಳಿದಿರಬೇಕು. ಪೋರ್ಟ್‌ನಲ್ಲಿರುವ ಗಾಳಿ ಒಂದು ನಿರ್ದಿಷ್ಟ ಹರ್ಟ್ಸ್‌ನಲ್ಲಿ ಕೋನ್‌ನ (ಡ್ರೈವರ್‌ನ ಅಲುಗುವ ಬಟ್ಟಲಿನ) ಹೊರೆಯನ್ನು ತಾನು ಹೊತ್ತುಕೊಳ್ಳುತ್ತದೆ. ಆ ಹಂತದಲ್ಲಿ ಕೋನ್ ಹೆಚ್ಚು ಅಲುಗದೆಯೇ ಶಬ್ದ ದೊಡ್ಡದಾಗಿ ಬರುತ್ತದೆ. ಅದರ ಕೆಳಗೆ ಹೋದ ಕೂಡಲೇ ಪೋರ್ಟ್‌ನ ಗಾಳಿಯೂ ಕೋನ್‌ನ ಗಾಳಿಯೂ ಒಂದನ್ನೊಂದು ಅಳಿಸುತ್ತವೆ. ಶಬ್ದ ಪ್ರತಿ ಆಕ್ಟೇವ್‌ಗೆ, ಅಂದರೆ ಹರ್ಟ್ಸ್ ಅರ್ಧವಾದಾಗಲೆಲ್ಲ, 24 ಡಿಬಿಯಂತೆ ಬೀಳುತ್ತದೆ, ಕೋನ್ ಮಾತ್ರ ತಡೆಯಿಲ್ಲದೆ ಹೊಯ್ದಾಡುತ್ತದೆ. ಪೋರ್ಟ್ ಇಲ್ಲದ ಮುಚ್ಚಿದ ಪೆಟ್ಟಿಗೆಯಲ್ಲಿ ಈ ಕುಸಿತ 12 ಡಿಬಿ. ಆದ್ದರಿಂದ ಇಂಥ ಸಬ್‌ಗೆ ಈಕ್ವಲೈಸರ್‌ನಲ್ಲಿ (ಬೇರೆ ಬೇರೆ ಹರ್ಟ್ಸ್‌ಗಳ ಶಬ್ದ ಏರಿಳಿಸುವ ಸಾಧನ) 25 ಹರ್ಟ್ಸ್ ಎತ್ತುವುದು ಬೇಡವೇ ಬೇಡ. 12 ಡಿಬಿ ಎತ್ತಿದರೆ ಬೇಕಾಗುವ ಶಕ್ತಿ 16 ಪಟ್ಟು. 50 ವಾಟ್ ತಿನ್ನುತ್ತಿದ್ದ ಜಾಗದಲ್ಲಿ 800 ವಾಟ್. ಆಂಪ್ಲಿಫೈಯರ್‌ನಲ್ಲಿ ಅದಿಲ್ಲ. ಬರುವುದು ವಿಕೃತಿ ಮತ್ತು ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಸುರುಳಿ) ಬಡಿಯುವ ಟಪ್ ಟಪ್ ಶಬ್ದ.

ಮೊದಲ ಪರೀಕ್ಷೆ: ಕೇಳುತ್ತಿರುವುದು ಮೂಲ ಸ್ವರವೋ, ಅದರ ಮೇಲುಸ್ವರವೋ

ಅಗ್ಗದ ಸಬ್ 25 ಹರ್ಟ್ಸನ್ನೂ ನುಡಿಸುತ್ತದೆ ಎಂದು ಅನೇಕರು ನಂಬಲು ಕಾರಣ ನಮ್ಮ ಕಿವಿ. 20 ಹರ್ಟ್ಸ್‌ನ ಶಬ್ದ ಕೇಳಲು ಶುರುವಾಗುವುದೇ ಸುಮಾರು 78 ಡಿಬಿಯಲ್ಲಿ; 60 ಹರ್ಟ್ಸ್‌ನದು 40 ಡಿಬಿಗೂ ಕಡಿಮೆಯಲ್ಲಿ. ಸಬ್ 20 ಹರ್ಟ್ಸನ್ನು 90 ಡಿಬಿಯಲ್ಲಿ ನುಡಿಸುವಾಗ ವಿಕೃತಿಯಾಗಿ ಶೇ. 10ರಷ್ಟು ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಹರ್ಟ್ಸ್‌ನ ಮೇಲುಸ್ವರ) ಸೇರಿದೆ ಎನ್ನೋಣ. ಅಂದರೆ 60 ಹರ್ಟ್ಸ್‌ನಲ್ಲಿ 70 ಡಿಬಿ. ಮೂಲ ಸ್ವರ ಕೇಳುವ ಹೊಸ್ತಿಲಿಗಿಂತ 12 ಡಿಬಿಯಷ್ಟೇ ಮೇಲಿದ್ದರೆ, ವಿಕೃತಿ 30 ಡಿಬಿಗೂ ಹೆಚ್ಚು ಮೇಲಿದೆ. ಕಿವಿಗೆ ತುಂಬಿಕೊಳ್ಳುವುದು ವಿಕೃತಿಯೇ.

ಇದನ್ನು ಉಪಕರಣವಿಲ್ಲದೆಯೂ ಕಂಡುಹಿಡಿಯಬಹುದು. ಮುಖ್ಯ ಸ್ಪೀಕರ್‌ಗಳನ್ನು ಬಿಚ್ಚಿಟ್ಟು ಸಬ್ ಒಂದರಲ್ಲೇ 25 ಹರ್ಟ್ಸ್‌ನ ಸೈನ್ ಟೋನ್ (ಒಂದೇ ಹರ್ಟ್ಸ್‌ನ ಶುದ್ಧ ಸ್ವರ) ಸಣ್ಣ ಶಬ್ದದಲ್ಲಿ ನುಡಿಸಿ, ನಿಧಾನವಾಗಿ ಏರಿಸಿ. ಶುದ್ಧವಾದ 25 ಹರ್ಟ್ಸ್ ಗಾಳಿಯ ಒತ್ತಡದಂತೆ ಅನುಭವಕ್ಕೆ ಬರುತ್ತದೆ, ಗುನುಗಲು ಸಿಗುವ ಸ್ವರದಂತೆ ಅಲ್ಲ. ‘ಊಂ’ ಎಂಬ ಸ್ವರ ಸ್ಪಷ್ಟವಾಗಿ ಕೇಳತೊಡಗಿದರೆ ಟೋನನ್ನು 50ಕ್ಕೂ 75ಕ್ಕೂ ಬದಲಿಸಿ ಹೋಲಿಸಿ. ಅದರಲ್ಲಿ ಒಂದರ ಸ್ವರ ತಾಳೆಯಾದರೆ ನೀವು ಕೇಳುತ್ತಿದ್ದದ್ದು 25 ಅಲ್ಲ. ಇದೇ ಪರೀಕ್ಷೆಯನ್ನು 30, 35, 40ರಲ್ಲಿ ಮಾಡುತ್ತಾ ಬನ್ನಿ. ಈ ದರ್ಜೆಯ ಸಬ್ ಎಲ್ಲಿಂದ ನಿಜವಾಗಿ ಕೆಲಸ ಶುರುಮಾಡುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಒಂದು ಟೋನನ್ನು ಜೋರಾಗಿ 10 ಸೆಕೆಂಡಿಗಿಂತ ಹೆಚ್ಚು ನುಡಿಸಬೇಡಿ. ಸಿನಿಮಾದ ಶಬ್ದ ಬಂದು ಹೋಗುತ್ತದೆ. ಸೈನ್ ಟೋನ್ ಬಿಡುವಿಲ್ಲದೆ ಕಾಯಿಲನ್ನು ಕಾಯಿಸುತ್ತದೆ.

ಅಳತೆ ಬೇಕೆನ್ನುವವರಿಗೆ ರೂಮ್ ಇಕ್ಯೂ ವಿಜರ್ಡ್ ಎಂಬ ಉಚಿತ ತಂತ್ರಾಂಶವಿದೆ. ಮಿನಿಡಿಎಸ್‌ಪಿಯ ಯುಮಿಕ್-1ನಂಥ, ಕ್ಯಾಲಿಬ್ರೇಷನ್ ಫೈಲ್ ಜೊತೆ ಬರುವ ಯುಎಸ್‌ಬಿ ಮೈಕ್ ಅದಕ್ಕೆ ಸಾಕು. ಮೈಕನ್ನು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಸ್ಟ್ಯಾಂಡ್ ಮೇಲೆ ಇಡಿ, ಸೋಫಾದ ಬೆನ್ನಿಗೆ ಒರಗಿಸಬೇಡಿ. 15ರಿಂದ 200 ಹರ್ಟ್ಸ್‌ವರೆಗೆ ಸ್ವೀಪ್ (ಬಿಡದೆ ಸಾಗುವ ಟೋನ್), ಮಟ್ಟ 75 ಡಿಬಿ ಆಸುಪಾಸು. ಗ್ರಾಫಿನಲ್ಲಿ ಏರಿಳಿತಗಳನ್ನು ನಯಮಾಡುವ ಸ್ಮೂದಿಂಗ್ ಹಾಕದೆ ನೋಡಿ. ಸ್ಮೂದಿಂಗ್ ಹೆಚ್ಚಾದಷ್ಟೂ ಗುಂಡಿಗಳು ಮುಚ್ಚಿಹೋಗಿ ಎಲ್ಲ ಸಬ್‌ಗಳೂ ಒಳ್ಳೆಯವಾಗಿ ಕಾಣುತ್ತವೆ. ಮೊಬೈಲ್ ಆ್ಯಪ್‌ನ ಅಂಕಿಯನ್ನು ನಂಬುವಂತಿಲ್ಲ: ಗಾಳಿಯ ಸದ್ದು ತಡೆಯಲೆಂದು ಹಲವು ಫೋನ್‌ಗಳು ಕೆಳಗಿನ ಹರ್ಟ್ಸ್‌ಗಳನ್ನು ಮೈಕಿನಲ್ಲೇ ಕತ್ತರಿಸುತ್ತವೆ. ಒಂದೇ ಟೋನನ್ನು ಎರಡು ಜಾಗಗಳಲ್ಲಿ ಹೋಲಿಸಲು ಮಾತ್ರ ಅದು ಉಪಯೋಗ.

ಜೋಡಣೆ

ರಿಸೀವರ್‌ನ ‘ಸಬ್ ಔಟ್’ನಿಂದ ಸಬ್‌ನ ಲೈನ್ ಇನ್‌ಪುಟ್‌ಗೆ ಒಂದೇ ಆರ್‌ಸಿಎ ಕೇಬಲ್ ಸಾಕು. ಶೀಲ್ಡ್ ಸರಿಯಿರುವ ಸಾಮಾನ್ಯ ಕೇಬಲ್ಲಿಗಿಂತ ದುಬಾರಿಯದರಲ್ಲಿ ಶಬ್ದ ಬದಲಾಗುವುದಿಲ್ಲ. ಸಬ್‌ನ ಹಿಂಭಾಗದಲ್ಲಿ 80ರಿಂದ 160 ಹರ್ಟ್ಸ್‌ವರೆಗೆ ತಿರುಗುವ, ಅದಕ್ಕಿಂತ ಮೇಲಿನ ಶಬ್ದ ಕತ್ತರಿಸುವ ಲೋ-ಪಾಸ್ ನಾಬ್ ಇದೆ. ರಿಸೀವರ್ ಜೊತೆ ಬಳಸುವಾಗ ಇದನ್ನು 160ಕ್ಕೆ ಪೂರ್ತಿ ತಿರುಗಿಸಿ ಮರೆತುಬಿಡಿ. ರಿಸೀವರ್ ಈಗಾಗಲೇ 80ರಲ್ಲಿ ಕತ್ತರಿಸಿ ಕಳಿಸುತ್ತಿದೆ. ಸಬ್‌ನಲ್ಲೂ 80 ಇಟ್ಟರೆ ಅದೇ ಜಾಗ ಎರಡು ಸಲ ಕತ್ತರಿಸಿಹೋಗಿ, ಸಬ್ ಮತ್ತು ಸ್ಪೀಕರ್ ಸೇರುವ ಕಡೆ ಹಳ್ಳ ಬೀಳುತ್ತದೆ, ಫೇಸ್ (ಎರಡರ ಅಲೆಗಳ ಏರಿಳಿತದ ಹೊಂದಿಕೆ) ಕೂಡ ತಿರುಗುತ್ತದೆ. ಬೈಪಾಸ್ ಸ್ವಿಚ್ ಅಥವಾ ಎಲ್‌ಎಫ್‌ಇ ಎಂದು ಬರೆದ ಇನ್‌ಪುಟ್ ಇರುವ ಸಬ್‌ಗಳಲ್ಲಿ ಅದನ್ನೇ ಬಳಸಿ.

ರಿಸೀವರ್ ಮೆನುವಿನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ ‘ಸ್ಮಾಲ್’ (ಅವುಗಳ ಬೇಸ್ ಸಬ್‌ಗೆ ಹೋಗಲಿ) ಎಂದು ಇಡಿ, ಟವರ್ ಸ್ಪೀಕರ್ ಆದರೂ ಸರಿ. ಕ್ರಾಸ್‌ಓವರ್, ಅಂದರೆ ಸ್ಪೀಕರ್ ಬಿಟ್ಟು ಸಬ್ ಶುರುವಾಗುವ ಹರ್ಟ್ಸ್, 80; ನಾಲ್ಕು ಇಂಚಿನ ಡ್ರೈವರ್ ಇರುವ ಸ್ಪೀಕರ್‌ಗಳಿಗೆ 100 ಅಥವಾ 120. ಎಲ್‌ಎಫ್‌ಇ ಲೋ-ಪಾಸ್ 120. ‘ಎಲ್‌ಎಫ್‌ಇ+ಮೇನ್’ ಅಥವಾ ‘ಡಬಲ್ ಬೇಸ್’ ಎಂಬುದನ್ನು ಆಫ್ ಮಾಡಿ. ಅದು ಆನ್ ಇದ್ದರೆ ಒಂದೇ ಬೇಸ್ ಎರಡು ಕಡೆಯಿಂದ ಹೊರಟು ಕೆಲವೆಡೆ ಉಬ್ಬಿ ಕೆಲವೆಡೆ ಸಾಯುತ್ತದೆ. ಕ್ರಾಸ್‌ಓವರ್ 120ಕ್ಕೆ ಏರಿಸಿದರೆ ಗಂಡು ದನಿಯ ಒಂದು ಪಾಲು ಸಬ್‌ನಿಂದ ಬರತೊಡಗುತ್ತದೆ. ಆಗ ಸಬ್ ಪಕ್ಕದಲ್ಲೋ ಹಿಂದೆಯೋ ಇರದೆ ಮುಂಭಾಗದ ಸ್ಪೀಕರ್‌ಗಳ ಹತ್ತಿರವೇ ಇರಬೇಕು, ಇಲ್ಲದಿದ್ದರೆ ಮಾತು ಎಲ್ಲಿಂದ ಬರುತ್ತಿದೆ ಎಂದು ಕಿವಿ ಹಿಡಿದುಬಿಡುತ್ತದೆ.

ಸಬ್ ಔಟ್ ಇಲ್ಲದ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಇರುವವರಿಗೆ ಸ್ಪೀಕರ್ ತಂತಿಯಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಟರ್ಮಿನಲ್‌ಗಳೂ ಇದರಲ್ಲಿವೆ. ಆದರೆ ಇಂದಿನ ಅನೇಕ ಚಿಕ್ಕ ಕ್ಲಾಸ್-ಡಿ ಆಂಪ್ಲಿಫೈಯರ್‌ಗಳ ಔಟ್‌ಪುಟ್ ಬ್ರಿಡ್ಜ್ ಆಗಿರುತ್ತದೆ. ಅವುಗಳ ಮೈನಸ್ ಟರ್ಮಿನಲ್ ಗ್ರೌಂಡ್ ಅಲ್ಲ. ಅಂಥದ್ದರ ಎಡ-ಬಲ ಮೈನಸ್‌ಗಳು ಸಬ್‌ನೊಳಗೆ ಒಂದಾದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಆಂಪ್ಲಿಫೈಯರ್‌ನ ಕೈಪಿಡಿ ನೋಡದೆ ಸಿಕ್ಕಿಸಬೇಡಿ.

ಜಾಗ

ಫಲ ಅತಿ ಹೆಚ್ಚು ಸಿಗುವುದು ಇಲ್ಲೇ, ಖರ್ಚಿಲ್ಲದ ಕೆಲಸವೂ ಇದೇ. ಎದುರುಬದುರು ಗೋಡೆಗಳ ನಡುವೆ ಶಬ್ದದ ಅಲೆ ನಿಂತುಬಿಡುವ ಹರ್ಟ್ಸ್ ಕಂಡುಹಿಡಿಯಲು 344ನ್ನು ಗೋಡೆಗಳ ಅಂತರದ ಎರಡು ಪಟ್ಟಿನಿಂದ ಭಾಗಿಸಿ, ಅಂತರ ಮೀಟರ್‌ನಲ್ಲಿರಲಿ. 5 ಮೀಟರ್ ಉದ್ದಕ್ಕೆ 34 ಹರ್ಟ್ಸ್, 4 ಮೀಟರ್‌ಗೆ 43, 3 ಮೀಟರ್‌ಗೆ 57. ಈ ಹರ್ಟ್ಸ್‌ಗಳಲ್ಲಿ ಗೋಡೆಯ ಬಳಿ ಬೇಸ್ ಉಬ್ಬುತ್ತದೆ, ಕೋಣೆಯ ನಟ್ಟನಡುವೆ ಇಲ್ಲವಾಗುತ್ತದೆ. ಸೋಫಾ ಸರಿಯಾಗಿ ಮಧ್ಯದಲ್ಲಿದ್ದರೆ ಯಾವ ಸಬ್ ತಂದರೂ ಅಲ್ಲಿ ಬೇಸ್ ಸಾಲದು. ಸೋಫಾವನ್ನು ಅರ್ಧ ಮೀಟರ್ ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಆಗುವ ವ್ಯತ್ಯಾಸ ಎರಡರಷ್ಟು ವಾಟ್ ಇರುವ ಸಬ್ ತಂದರೂ ಆಗುವುದಿಲ್ಲ.

ಸಬ್‌ಗೆ ಜಾಗ ಹುಡುಕುವ ಹಳೆಯ ವಿಧಾನ ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಸಬ್ಬನ್ನೇ ಸೋಫಾದಲ್ಲಿ, ನೀವು ಕೂರುವ ಜಾಗದಲ್ಲಿ ಇಡಿ. ಬೇಸ್ ಗಿಟಾರ್ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವ ಒಂದು ಹಾಡು ಹಾಕಿ. ಸಬ್ ಇಡಲು ಸಾಧ್ಯವಿರುವ ಗೋಡೆಯ ಉದ್ದಕ್ಕೂ ಮಂಡಿಯೂರಿ, ಕಿವಿಯನ್ನು ನೆಲದ ಹತ್ತಿರ ತಂದು ಸಾಗಿ. ಒಂದು ಸ್ವರ ದೊಡ್ಡದು, ಮುಂದಿನದು ಮಾಯ ಎಂಬ ಜಾಗ ಬೇಡ. ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಸಮನಾಗಿ ಕೇಳುವ ಜಾಗದಲ್ಲಿ ಸಬ್ ಇಡಿ. ಅಲ್ಲಿ ಬೇಸ್ ಅತಿ ಜೋರಾಗಿ ಕೇಳದಿರಬಹುದು, ಪರವಾಗಿಲ್ಲ.

ಮೂಲೆಯ ಬಗ್ಗೆ ಎರಡು ಮಾತು. ಮೂಲೆಯಲ್ಲಿಟ್ಟರೆ ನೆಲ ಮತ್ತು ಎರಡು ಗೋಡೆಗಳ ಬಲ ಸಿಕ್ಕಿ ಶಬ್ದ ಏರುತ್ತದೆ. 50 ವಾಟ್‌ನ ಸಬ್‌ಗೆ ಆ ಬಲ ದೊಡ್ಡ ಉಪಕಾರ. ಅಷ್ಟರಮಟ್ಟಿಗೆ ಕೋನ್ ಕಡಿಮೆ ಅಲುಗಿದರೆ ಸಾಕು. ಆದರೆ ಕೋಣೆಯ ಎಲ್ಲ ನಿಂತ ಅಲೆಗಳನ್ನೂ ಮೂಲೆ ಎಬ್ಬಿಸುತ್ತದೆ. ಈಕ್ವಲೈಸರ್ ಇದ್ದರೆ ಮೂಲೆಯೇ ಸರಿ: ಉಬ್ಬುಗಳನ್ನು ಕೆಳಗಿಳಿಸಿದರೆ ಆಂಪ್ಲಿಫೈಯರ್‌ಗೂ ವಿಶ್ರಾಂತಿ. ಈಕ್ವಲೈಸರ್ ಇಲ್ಲದಿದ್ದರೆ ಮೂಲೆಯಿಂದ ಒಂದು ಗೋಡೆಯ ಉದ್ದಕ್ಕೆ ಸ್ವಲ್ಪ ಸ್ವಲ್ಪವೇ ಸರಿಸಿ ನೋಡಿ. ಪೋರ್ಟ್ ಹಿಂಬದಿಗಿರುವ ಸಬ್ ಆದರೆ ಗೋಡೆಯಿಂದ 10–15 ಸೆಂ.ಮೀ. ಆದರೂ ಜಾಗ ಬಿಡಿ.

ಗೇನ್, ಫೇಸ್, ದೂರ

ಸಬ್‌ನ ಗೇನ್ (ಶಬ್ದದ ಮಟ್ಟ) ನಾಬನ್ನು ಅರ್ಧದಿಂದ ಶುರುಮಾಡಿ, ಮೈಕ್ ಇಟ್ಟು ತಾನೇ ಅಳೆದು ಹೊಂದಿಸಿಕೊಳ್ಳುವ ರಿಸೀವರ್‌ನ ಸ್ವಯಂ ಕ್ಯಾಲಿಬ್ರೇಷನ್ ಓಡಿಸಿ. ಆಮೇಲೆ ಅದು ಸಬ್‌ಗೆ ಕೊಟ್ಟ ಟ್ರಿಮ್ (ರಿಸೀವರ್ ಏರಿಸಿದ ಅಥವಾ ಇಳಿಸಿದ ಮಟ್ಟ) ನೋಡಿ. ಹಲವು ರಿಸೀವರ್‌ಗಳಲ್ಲಿ ಟ್ರಿಮ್‌ನ ಮಿತಿ ಮೈನಸ್ 12 ಡಿಬಿ. ಅದು ಮೈನಸ್ 12ರಲ್ಲೇ ನಿಂತಿದ್ದರೆ ಇನ್ನೂ ಇಳಿಸಬೇಕಿತ್ತು, ಇಳಿಸಲಾಗಲಿಲ್ಲ ಎಂದರ್ಥ. ನಾಬ್ ಕಡಿಮೆ ಮಾಡಿ ಮತ್ತೆ ಓಡಿಸಿ. ಮೈನಸ್ 3ರಿಂದ ಮೈನಸ್ 6ರ ನಡುವೆ ಬಂದರೆ ಚೆನ್ನ.

ಈ ನಾಬಿನಿಂದಲೇ ಹುಟ್ಟುವ ಇನ್ನೊಂದು ತೊಂದರೆಯನ್ನು ಹಲವರು ಸಬ್ ಕೆಟ್ಟಿದೆ ಎಂದು ತಿಳಿಯುತ್ತಾರೆ. ಸಿಗ್ನಲ್ ಬಂದಾಗ ತಾನಾಗಿ ಆನ್ ಆಗುವ ವ್ಯವಸ್ಥೆಗೆ ನಿರ್ದಿಷ್ಟ ವೋಲ್ಟೇಜ್ ತಲುಪಬೇಕು. ನಾಬ್ ಜಾಸ್ತಿ ಇಟ್ಟು ಟ್ರಿಮ್ ತೀರಾ ಕೆಳಗಿದ್ದರೆ ಕೇಬಲ್ಲಿನಲ್ಲಿ ಬರುವ ಸಿಗ್ನಲ್ ಅಷ್ಟಿರುವುದಿಲ್ಲ. ರಾತ್ರಿ ಸಣ್ಣ ಶಬ್ದದಲ್ಲಿ ನೋಡುವಾಗ ಸಬ್ ಏಳುವುದೇ ಇಲ್ಲ, ಇಲ್ಲವೇ ಮಧ್ಯದಲ್ಲಿ ಮಲಗಿಬಿಡುತ್ತದೆ. ನಾಬ್ ಇಳಿಸಿ, ಟ್ರಿಮ್ ಅಷ್ಟೇ ಏರಿಸಿ. ಒಟ್ಟು ಶಬ್ದ ಅದೇ, ಸಬ್ ಎಚ್ಚರವಾಗಿರುತ್ತದೆ.

ಕ್ಯಾಲಿಬ್ರೇಷನ್ ತೋರಿಸುವ ದೂರ ಟೇಪಿನ ಅಳತೆಗಿಂತ ಹೆಚ್ಚಿದ್ದರೆ ತಿದ್ದಬೇಡಿ. ಸಬ್‌ನೊಳಗಿನ ಫಿಲ್ಟರ್ ಸಿಗ್ನಲ್ಲನ್ನು ತಡಮಾಡುತ್ತದೆ. ಪ್ರತಿ ಮಿಲಿಸೆಕೆಂಡ್ ತಡವನ್ನು ರಿಸೀವರ್ 34 ಸೆಂ.ಮೀ. ದೂರವೆಂದು ಲೆಕ್ಕಹಾಕುತ್ತದೆ. ಅದು ಹೇಳುತ್ತಿರುವುದು ಸಮಯದ ಲೆಕ್ಕ, ಅದೇ ಸರಿ. ಕೊನೆಯಲ್ಲಿ ಫೇಸ್ ಸ್ವಿಚ್: ಕ್ರಾಸ್‌ಓವರ್ ಹರ್ಟ್ಸ್‌ನದೇ ಟೋನ್, ಅಂದರೆ 80, ಮುಂಭಾಗದ ಸ್ಪೀಕರ್ ಮತ್ತು ಸಬ್ ಎರಡರಿಂದಲೂ ನುಡಿಸಿ, ಇನ್ನೊಬ್ಬರಿಂದ ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಿಸಿಸಿ. ಕೂತ ಜಾಗದಲ್ಲಿ ಯಾವುದರಲ್ಲಿ ಶಬ್ದ ದೊಡ್ಡದೋ ಅದು ಸರಿ.

ಗುಂಯ್, ಗಡಗಡ, ಭುಸ್

ಏನೂ ನುಡಿಸದಿರುವಾಗಲೂ ಸಣ್ಣಗೆ ಗುಂಯ್ ಎಂದರೆ ಮೊದಲು ಆರ್‌ಸಿಎ ಕೇಬಲ್ ಸಬ್‌ನಿಂದ ಕಿತ್ತು ನೋಡಿ. ಆಗಲೂ ಇದ್ದರೆ ದೋಷ ಸಬ್‌ನ ಆಂಪ್ಲಿಫೈಯರ್‌ನಲ್ಲಿದೆ, ವಾಪಸ್ ಮಾಡಿ. ನಿಂತರೆ ಅದು ಗ್ರೌಂಡ್ ಲೂಪ್: ಎರಡು ಉಪಕರಣಗಳು ಬೇರೆ ಬೇರೆ ದಾರಿಯಿಂದ ಅರ್ಥ್ ಸೇರುತ್ತಿವೆ. ಸಬ್ ಮತ್ತು ರಿಸೀವರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಹೋಗದಿದ್ದರೆ ಟಿವಿ ಬಾಕ್ಸ್‌ಗೆ ಬರುವ ಕೇಬಲ್ ಕಿತ್ತು ನೋಡಿ; ಬಹಳ ಸಲ ಲೂಪ್ ಅಲ್ಲಿಂದಲೇ ಬಂದಿರುತ್ತದೆ. ಆರ್‌ಸಿಎಗೆ ಹಾಕುವ ಐಸೊಲೇಟರ್ ಈ ಗುಂಯ್ ನಿಲ್ಲಿಸುತ್ತದೆ, ಆದರೆ ಅಗ್ಗದ ಐಸೊಲೇಟರ್‌ನ ಪುಟ್ಟ ಟ್ರಾನ್ಸ್‌ಫಾರ್ಮರ್ ಕೆಳಗಿನ ಬೇಸನ್ನೂ ತಿನ್ನುತ್ತದೆ. ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್ ಮುರಿಯುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ. ಅದು ಜೀವ ಉಳಿಸುವ ಪಿನ್.

ಗಡಗಡ ಎಲ್ಲಿಂದ ಎಂದು ಹುಡುಕಲು 120ರಿಂದ 30 ಹರ್ಟ್ಸ್‌ವರೆಗೆ ಬಹಳ ನಿಧಾನವಾಗಿ ಇಳಿಯುವ ಸ್ವೀಪ್ ಹಾಕಿ. ಕಿಟಕಿಯ ಗಾಜು, ಬಾಗಿಲ ಚಿಲಕ, ಗೋಡೆಯ ಫೋಟೊ ಒಂದೊಂದೂ ತನ್ನದೇ ಹರ್ಟ್ಸ್‌ನಲ್ಲಿ ನಡುಗುತ್ತದೆ. ಕೋಣೆಯಲ್ಲಿ ಏನೂ ಸಿಗದಿದ್ದರೆ ಸಬ್‌ನ ಹಿಂದೆ ಹೋಗಿ. ತೆಳುವಾದ ಕಾಗದದ ಪಟ್ಟಿಯೊಂದನ್ನು ಆಂಪ್ಲಿಫೈಯರ್ ತಟ್ಟೆಯ ಅಂಚಿನ ಸುತ್ತ ಹಿಡಿದು ಸಾಗಿ. ಎಲ್ಲಿಯಾದರೂ ಕಾಗದ ಪಟಪಟ ಹೊಡೆದುಕೊಂಡರೆ ಅಲ್ಲಿ ಗಾಳಿ ಸೋರುತ್ತಿದೆ. ಪ್ಲಗ್ ತೆಗೆದು, ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಅಷ್ಟಕ್ಕೂ ನಿಲ್ಲದಿದ್ದರೆ ಅಂಚಿಗೆ ಫೋಮ್ ಟೇಪ್. ಪೆಟ್ಟಿಗೆಯ ಎಂಡಿಎಫ್ (ಮರದ ನಾರಿನ ಹಲಗೆ) ಸ್ಕ್ರೂ ತೂತು ಮೆತ್ತನೆಯದು, ಪವರ್ ಡ್ರಿಲ್ ಹಾಕಿದರೆ ಎಳೆ ಕಿತ್ತುಬರುತ್ತದೆ. ಕೈ ಸ್ಕ್ರೂಡ್ರೈವರ್ ಬಳಸಿ.

ಪೋರ್ಟ್‌ನಿಂದ ಭುಸ್ ಎಂಬ ಗಾಳಿಯ ಸದ್ದು ಜೋರು ವಾಲ್ಯೂಮಿನಲ್ಲಿ, 35–40 ಹರ್ಟ್ಸ್ ಆಸುಪಾಸು ಬರುತ್ತದೆ. ಕಿರಿದಾದ ಪೋರ್ಟ್‌ನಲ್ಲಿ ಗಾಳಿಯ ವೇಗ ಮಿತಿಮೀರಿದ್ದೇ ಕಾರಣ, ದುರಸ್ತಿ ಇಲ್ಲ. ಟ್ರಿಮ್ 3 ಡಿಬಿ ಇಳಿಸುವುದು ಒಂದು ದಾರಿ. ಪೋರ್ಟ್‌ಗೆ ಫೋಮ್ ತುರುಕಿ ಪೆಟ್ಟಿಗೆಯನ್ನು ಮುಚ್ಚಿದಂತೆ ಮಾಡುವುದು ಇನ್ನೊಂದು: ಕೆಳತುದಿಯ ಶಬ್ದ ಕಡಿಮೆಯಾಗುತ್ತದೆ, ಆದರೆ ಬೇಸ್ ಬಿಗಿಯಾಗಿ ಕೇಳುತ್ತದೆ. ಚಿಕ್ಕ ಕೋಣೆಯಲ್ಲಿ, ಸಂಗೀತವೇ ಹೆಚ್ಚು ಕೇಳುವವರಿಗೆ ಇದು ಒಳ್ಳೆಯ ಆಯ್ಕೆ.

ಯಾರಿಗೆ, ಎಷ್ಟು

ಅಡುಗೆಮನೆ, ಊಟದ ಜಾಗ ಎಲ್ಲ ತೆರೆದು ಒಂದೇ ಆಗಿರುವ ದೊಡ್ಡ ಹಾಲ್‌ಗೆ ಈ ಸಬ್ ಸಾಲದು. ಅದು ತುಂಬಬೇಕಾದ ಗಾಳಿ ಸೋಫಾದ ಸುತ್ತಲಿನದಲ್ಲ, ಬಾಗಿಲಿಲ್ಲದೆ ಸೇರಿಕೊಂಡ ಅಷ್ಟೂ ಜಾಗದ್ದು. ಸ್ಫೋಟದ ದೃಶ್ಯದಲ್ಲಿ ಸೋಫಾ ನಡುಗಬೇಕು ಎನ್ನುವವರು 12 ಇಂಚಿನ, 20ರ ಹತ್ತಿರ ಇಳಿಯುವ ಸಬ್ ಬರುವವರೆಗೆ ಹಣ ಕೂಡಿಡುವುದು ಲೇಸು.

ಮುಂದೆ ಬೆಳೆಸುವ ಯೋಚನೆ ಇದ್ದರೆ, ಇದೇ ಮಾದರಿಯ ಎರಡನೆಯದನ್ನು ಸೇರಿಸುವುದಕ್ಕೆ ನನ್ನ ಒಲವು. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಸಬ್ ಇಟ್ಟರೆ ಆಸನದಿಂದ ಆಸನಕ್ಕೆ ಬೇಸ್‌ನ ವ್ಯತ್ಯಾಸ ಬಹಳ ತಗ್ಗುತ್ತದೆ ಎಂದು ತೋರಿಸಿತು. ಎರಡು ಸಬ್‌ಗಳು 30 ಹರ್ಟ್ಸನ್ನು ತಂದುಕೊಡುವುದಿಲ್ಲ, ಆದರೆ ಒಂದೊಂದರ ಮೇಲಿನ ಹೊರೆ ಅರ್ಧವಾಗುತ್ತದೆ, ಮೂವರು ಕೂತರೆ ಮೂವರಿಗೂ ಒಂದೇ ಬೇಸ್ ಕೇಳುತ್ತದೆ.

ಎರಡನೆಯದನ್ನು ಬಳಸಿದ್ದೇ ಕೊಳ್ಳುವುದಾದರೆ ಅಂಗಡಿಯಲ್ಲೋ ಮಾರುವವರ ಮನೆಯಲ್ಲೋ ಐದೇ ನಿಮಿಷದ ಕೆಲಸ. ಪ್ಲಗ್ ಹಾಕುವ ಮೊದಲು ಗ್ರಿಲ್ ತೆಗೆದು, ಎರಡೂ ಕೈಗಳ ಬೆರಳುಗಳನ್ನು ಕೋನ್‌ನ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ, ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಕರಕರ ಎಂದರೆ ವಾಯ್ಸ್ ಕಾಯಿಲ್ ಉಜ್ಜುತ್ತಿದೆ. ಕೋನ್‌ನ ಸುತ್ತಲಿನ ಅಂಚನ್ನು ಬೆರಳಿಂದ ತಡವಿ, ಬಿರುಕೋ ಅಂಟುಬಿಟ್ಟ ಜಾಗವೋ ಇದೆಯೇ ನೋಡಿ. ಆಮೇಲೆ ಕೇಬಲ್ ಹಾಕದೆ ಆನ್ ಮಾಡಿ, ಗೇನ್ ಪೂರ್ತಿ ಏರಿಸಿ ಕಿವಿಗೊಡಿ. ಗಟ್ಟಿ ಗುಂಯ್ ಬಂದರೆ ಆಂಪ್ಲಿಫೈಯರ್‌ನ ಕೆಪಾಸಿಟರ್‌ಗಳು ಸೋತಿರುವ ಸಾಧ್ಯತೆ ಹೆಚ್ಚು. ವರ್ಷಗಟ್ಟಲೆ ಸ್ಟ್ಯಾಂಡ್‌ಬೈನಲ್ಲಿ ಬೆಚ್ಚಗೇ ಇರುವ ಇಂಥ ಸಬ್‌ಗಳಲ್ಲಿ ಡ್ರೈವರ್‌ಗಿಂತ ಮೊದಲು ಸಾಯುವುದು ಸಾಮಾನ್ಯವಾಗಿ ಆಂಪ್ಲಿಫೈಯರೇ. ಡ್ರೈವರ್ ಮತ್ತು ಪೆಟ್ಟಿಗೆ ಚೆನ್ನಾಗಿದ್ದು ಬೆಲೆ ತೀರಾ ಇಳಿದಿದ್ದರೆ ಆಗಲೂ ಬಿಡಬೇಕಿಲ್ಲ: ಡ್ರೈವರ್‌ನ ಓಮ್ ಎಷ್ಟೆಂದು ನೋಡಿಕೊಂಡು ಅದಕ್ಕೆ ಹೊಂದುವ ಹೊರಗಿನ ಆಂಪ್ಲಿಫೈಯರ್‌ನಿಂದ ನಡೆಸಬಹುದು, ಹಳೆಯ ತಟ್ಟೆ ತೆಗೆದ ತೂತನ್ನು ಗಾಳಿ ಸೋರದಂತೆ ಮುಚ್ಚಬೇಕು ಅಷ್ಟೆ.